ಲಿಫ್ಟಿನ ವಯಸ್ಸಿಗೆ ಪುರಾವೆ

ಒಬ್ಬೊಬ್ಬರಿಗೆ ಒಂದೊಂದು ಚಟ ಇರುತ್ತದೆ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು. ನಮ್ಮ ಪುರಾವೆಯಣ್ಣನ ಚಟಕ್ಕೆ ಬಿಡಿಗಾಸಿನ ಖರ್ಚೂ ಇರಲಿಲ್ಲ, ಆದರೆ ಅದರಿಂದ ಅಕ್ಕಪಕ್ಕದವರ ಆಯುಸ್ಸು ಸವೆಯುತ್ತಿತ್ತು. ಯಾರು ಏನೇ ಹೇಳಲಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು "ಎಲ್ಲಿ ಬರೆದಿದೆ?" ಎಂದು ಕೇಳುವುದೇ ಆ ಚಟ. ಊಟವಾದ ತಕ್ಷಣ ಮಲಗಬಾರದು ಎಂದು ಹೆಂಡತಿ ಹೇಳಿದರೆ, ಎಲ್ಲಿ ಬರೆದಿದೆ? ನಾಳೆ ನೀರು ಬರುವುದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರೆ, ಎಲ್ಲಿ ಬರೆದಿದೆ? ಮರುದಿನ ನೀರು ಬರದೆ ಅವನು ಸೋಪಿನ ನೊರೆಯಲ್ಲಿ ನಿಂತದ್ದನ್ನು ಕಂಡವರಿದ್ದಾರೆ. ನೊರೆಯಲ್ಲಿ ನಿಂತೇ ಅವನು, "ಬರೆದು ಅಂಟಿಸಿರಲಿಲ್ಲವಲ್ಲ" ಎಂದು ವಾದಿಸಿದನಂತೆ.

ಈ ಪ್ರಶ್ನೆ ಅವನಿಗೆ ಅಂಟಿಕೊಂಡದ್ದು ನೌಕರಿಯಿಂದ. ಬಸ್ ಡಿಪೋದಲ್ಲಿ ಕಳೆದುಹೋದ ಸಾಮಾನುಗಳ ಕೌಂಟರು ಅವನದು. ಬಸ್ಸಿನಲ್ಲಿ ಬಿಟ್ಟುಹೋದ ಕೊಡೆ, ಚೀಲ, ಚಪ್ಪಲಿ ಎಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಗುರುತು ಹೇಳಿ ಪುರಾವೆ ಕೊಡದೆ ಅಲ್ಲಿಂದ ಒಂದು ಗುಂಡಿಯೂ ಹೊರಗೆ ಹೋಗುವ ಹಾಗಿಲ್ಲ. ಒಮ್ಮೆ ಒಬ್ಬ ಅಜ್ಜಿ ತನ್ನ ಕೊಡೆ ಕೇಳಿಕೊಂಡು ಬಂದರು. ಗುರುತೇನು ಎಂದದ್ದಕ್ಕೆ "ಎಡಗಡೆ ಸೋರತ್ತಪ್ಪ" ಎಂದರು. ಪುರಾವೆಯಣ್ಣ ಕೊಡೆ ಬಿಚ್ಚಿ, ಕೆಳಗೆ ತಾನೇ ನಿಂತು, ಜವಾನನಿಂದ ಒಂದು ಬಕೆಟ್ ನೀರು ಹೊಯ್ಯಿಸಿಕೊಂಡು, ಎಡ ಭುಜ ಒದ್ದೆಯಾದ ಮೇಲೆಯೇ ಕೊಡೆ ಕೊಟ್ಟದ್ದು. ಇನ್ನೊಬ್ಬ ಹಲ್ಲಿನ ಸೆಟ್ಟು ತನ್ನದು ಎಂದಾಗ ಅದನ್ನು ಹಾಕಿಸಿ, ಅಗಿಸಿ, ನಗಿಸಿ ನೋಡಿದ. ಪುರಾವೆಯಣ್ಣ ಎಂಬ ಹೆಸರು ಇಟ್ಟವರು ಡಿಪೋದವರು. ಅದು ಅವನಿಗಿಂತ ಮೊದಲು ಮನೆ ತಲುಪಿತ್ತು.

ಅವನ ಮನೆ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿತ್ತು. ಅವನು, ಹೆಂಡತಿ ಮತ್ತು ಮಂಡಿ ನೋವಿನ ಅಪ್ಪ. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದ್ದರು. ಈಗ ಅವರಿಗೆ ಉಳಿದಿದ್ದ ಸುಖ ಒಂದೇ. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಲಿಫ್ಟಿನಲ್ಲಿ ಇಳಿದು, ಎದುರಿನ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತು, ಪತ್ರಿಕೆ ಓದಿ, ಕ್ಷೌರಿಕನ ಜೊತೆ ಜಗಳವಾಡಿ, ಮಧ್ಯಾಹ್ನದ ಊಟಕ್ಕೆ ತೃಪ್ತರಾಗಿ ಮೇಲೆ ಬರುವುದು. ಆ ಜಗಳ ಇಲ್ಲದ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಹೀಗಿರುವಾಗ ಸುರಕ್ಷತಾ ಇಲಾಖೆಯ ಇನ್‌ಸ್ಪೆಕ್ಟರ್ ಕಟ್ಟಡಕ್ಕೆ ಬಂದ. ಬೂಟಿಗೆ ಪಾಲಿಷ್, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೊಬೈಲು. ಲಿಫ್ಟಿನ ಒಳಗೆ ಕಾಲಿಡಲಿಲ್ಲ, ಮೇಲೆ ನೋಡಲಿಲ್ಲ, ಕೆಳಗೆ ನೋಡಲಿಲ್ಲ. ಮೊಬೈಲನ್ನು ಸ್ವಲ್ಪ ಹೊತ್ತು ಉಜ್ಜಿ, "ಕಟ್ಟಡಕ್ಕೆ ಎಷ್ಟು ವರ್ಷ?" ಎಂದು ಕೇಳಿದ.

ನಿವಾಸಿಗಳ ಸಂಘದ ಕಾರ್ಯದರ್ಶಿಗಳು ವಿಮಾ ಕಂಪನಿಯಿಂದ ನಿವೃತ್ತರಾದವರು, ಕಟ್ಟಡದ ಮೇಲೆ ಬಹಳ ಅಭಿಮಾನ. "ಇಪ್ಪತ್ತಾರು ಆಯ್ತು ಸಾರ್. ನೋಡಿ, ಒಂದು ಬಿರುಕಿಲ್ಲ" ಎಂದು ಗೋಡೆ ತಟ್ಟಿ ತೋರಿಸಿದರು.

"ಲಿಫ್ಟೂ ಅವಾಗಿಂದೇನಾ?"

"ಅವಾಗಿಂದೇ. ಒರಿಜಿನಲ್ಲು."

ಇನ್‌ಸ್ಪೆಕ್ಟರ್ ಅಲ್ಲೇ ಬೀಗ ತರಿಸಿ ಲಿಫ್ಟಿಗೆ ಹಾಕಿಬಿಟ್ಟ. ಇಪ್ಪತ್ತೈದು ವರ್ಷ ದಾಟಿದ ಲಿಫ್ಟು ನಡೆಸುವಂತಿಲ್ಲ ಎಂದು ಹಾಳೆಯೊಂದನ್ನು ಬಾಗಿಲಿಗೆ ಅಂಟಿಸಿದ. ಕಾರ್ಯದರ್ಶಿಗಳು ಗೋಡೆಯ ಮೇಲಿಟ್ಟ ಕೈಯನ್ನು ತೆಗೆಯುವುದನ್ನೂ ಮರೆತು ನಿಂತಿದ್ದರು. ಹೊಸ ಲಿಫ್ಟು ಹಾಕಿಸುವ ಮಾತು ಸಂಘದ ಸಭೆಯಲ್ಲಿ ಬಂತು, ಬಂದ ಹಾಗೇ ಹೋಯಿತು. ನೆಲಮಟ್ಟದ ಮನೆಗಳವರು ತಮಗೆ ಲಿಫ್ಟೇ ಬೇಡ, ಮೆಟ್ಟಿಲು ಹತ್ತಿದರೆ ಆರೋಗ್ಯಕ್ಕೆ ಒಳ್ಳೆಯದು ಎಂದರು. ಅವರು ಹತ್ತಬೇಕಾದ ಮೆಟ್ಟಿಲುಗಳೇ ಇರಲಿಲ್ಲ ಎನ್ನುವುದು ಬೇರೆ ಮಾತು.

ಅಪ್ಪ ಮೂರನೆಯ ಮಹಡಿಯಲ್ಲಿ ಸಿಕ್ಕಿಬಿದ್ದರು. ಮೊದಲ ಕೆಲವು ದಿನ ಬಾಲ್ಕನಿಯಿಂದಲೇ ಜಗಳ ನಡೆಸಲು ನೋಡಿದರು. ಅವರು ಮೇಲಿನಿಂದ ಕೂಗುವುದು, ಕ್ಷೌರಿಕ ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಬಿಟ್ಟು ರಸ್ತೆಗೆ ಬಂದು ಕೂಗುವುದು, ನಡುವೆ ಲಾರಿಯೊಂದು ಹಾದುಹೋಗಿ ಮುಖ್ಯವಾದ ಬೈಗುಳವೇ ಕೇಳದಂತಾಗುವುದು. ಗಿರಾಕಿಗಳು ತಕರಾರು ತೆಗೆದರು. ಕ್ಷೌರಿಕ ಕೈಮುಗಿದು ಒಳಗೆ ಹೋದ.

ಆಮೇಲೆ ಅಪ್ಪನ ಗಮನ ಮನೆಯ ಒಳಗೆ ತಿರುಗಿತು. ಅದರಷ್ಟು ದೊಡ್ಡ ಅನಾಹುತ ಆ ಮನೆ ಕಂಡಿರಲಿಲ್ಲ. ಸೊಸೆ ಫ್ರಿಜ್ಜು ತೆರೆದರೆ "ಈಗ ತಾನೆ ತೆಗೆದಿದ್ದೆಯಲ್ಲಮ್ಮ, ಮತ್ತೆ ಯಾಕೆ?" ಎನ್ನುವರು. ನಲ್ಲಿ ಬಿಟ್ಟರೆ "ಸಣ್ಣಗೆ ಬಿಡು" ಎನ್ನುವರು. ಹೊತ್ತು ಹೋಗದೆ ಮನೆಯ ಗೋಡೆ ಗಡಿಯಾರವನ್ನು ಬಿಚ್ಚಿದರು. ಮಂಜುಗಣ್ಣಿನಲ್ಲಿ ಬಿಚ್ಚಿದ್ದು ಸುಲಭವಾಯಿತು, ಜೋಡಿಸಲು ಆಗಲಿಲ್ಲ. ಅದು ಸರಿಯಿಲ್ಲವೆಂದು ಹೋಲಿಸಿ ನೋಡಲು ಅಲಾರಾಂ ಗಡಿಯಾರ ಬಿಚ್ಚಿದರು. ಪುರಾವೆಯಣ್ಣನ ಕೈಗಡಿಯಾರವೂ ಊಟದ ಮೇಜಿನ ಮೇಲೆ ಹರಡಿಕೊಂಡಿತು. ಮನೆಯಲ್ಲಿ ಈಗ ಸಮಯವೇ ಇರಲಿಲ್ಲ, ಅಪ್ಪ ಮಾತ್ರ ಇದ್ದರು.

"ರೀ," ಎಂದಳು ಹೆಂಡತಿ ಒಂದು ಬೆಳಿಗ್ಗೆ, ಮಿಕ್ಸಿಯ ಜಾರನ್ನು ಎದೆಗವಚಿಕೊಂಡು, "ಮಾವ ಇದನ್ನ ನೋಡ್ತಾ ಇದ್ರು. ಸ್ಕ್ರೂಡ್ರೈವರ್ ಕೈಯಲ್ಲಿತ್ತು. ಏನಾದ್ರೂ ಮಾಡಿ, ಇಲ್ಲಾಂದ್ರೆ ನಾನು ಡಿಪೋಗೆ ಬಂದು ನಿಮ್ಮ ಕೌಂಟರಿನಲ್ಲಿ ಕೂತ್ಕೋತೀನಿ. ಯಾರಾದ್ರೂ ಗುರುತು ಹೇಳಿ ಕರ್ಕೊಂಡು ಹೋಗ್ಲಿ."

ಒಳಗಿನಿಂದ ಅಪ್ಪನ ಧ್ವನಿ ಬಂತು. "ಊರಿಗೆಲ್ಲ ಎಲ್ಲಿ ಬರೆದಿದೆ, ಎಲ್ಲಿ ಬರೆದಿದೆ ಅಂತ ಪ್ರಾಣ ತಿಂತೀಯಲ್ಲ. ಆ ಇನ್‌ಸ್ಪೆಕ್ಟರನ್ನ ಹೋಗಿ ಕೇಳೋ. ಅಲ್ಲಿ ಬಾಯಿಗೆ ಬೀಗ ಬಿದ್ದಿದೆಯಾ?"

ಪುರಾವೆಯಣ್ಣನ ಮಾನಕ್ಕೆ ತಟ್ಟಿತು. ಅರ್ಧ ದಿನ ರಜೆ ಹಾಕಿ ಸುರಕ್ಷತಾ ಇಲಾಖೆಗೆ ಹೋಗಿ, ಇನ್‌ಸ್ಪೆಕ್ಟರನ ಮೇಜಿನ ಮುಂದೆ ನಿಂತು, ಕನ್ನಡಕ ಇಳಿಸಿ, ಎಲ್ಲಿ ಬರೆದಿದೆ ಎಂದು ಕೇಳಿಯೇ ಬಿಟ್ಟ.

ಇನ್‌ಸ್ಪೆಕ್ಟರ್ ಕೋಪ ಮಾಡಿಕೊಳ್ಳಲಿಲ್ಲ, ಸಂತೋಷಪಟ್ಟ. "ಕೂತ್ಕೊಳಿ. ನಿಮ್ಮಂಥವರು ಬೇಕು. ಈಗ ನೋಡಿ" ಎಂದು ಮೊಬೈಲ್ ತಿರುಗಿಸಿದ. "ಇದು ಬೇರೆ ಊರಿನ ನಗರಸಭೆ ಪುಟ. ನಿಯಮ ಅಂತಲೇ ಬರೆದಿದಾರೆ. ಇದು ಸುರಕ್ಷತಾ ವಾರಪತ್ರಿಕೆ, ಸಂಶೋಧನೆಯಿಂದ ಸಾಬೀತು ಅಂತಾರೆ. ಇದು ಲಿಫ್ಟ್ ಬಳಕೆದಾರರ ವೇದಿಕೆ, ಅಧ್ಯಯನ ನಡೆದಿದೆ ಅಂತ ಇದೆ. ಮೂರು ಕಡೆ. ಒಂದಲ್ಲ ಎರಡಲ್ಲ. ಇನ್ನೇನು ಬೇಕು ನಿಮಗೆ?"

ಪುರಾವೆಯಣ್ಣನಿಗೆ ತನ್ನ ಜೀವಮಾನದಲ್ಲಿ ಮೊದಲ ಸಲ ಯಾರೋ ಕೇಳಿದ ತಕ್ಷಣ ಪುರಾವೆ ಕೊಟ್ಟಿದ್ದರು. ಮೂರರ ವಿಳಾಸವನ್ನೂ ಬರೆದುಕೊಂಡು ಮನೆಗೆ ಬಂದ.

ಇದಕ್ಕೆ ವಿರುದ್ಧವಾಗಿ ಎಲ್ಲಾದರೂ ಬರೆದಿರಲೇಬೇಕು ಎಂದು ಹುಡುಕಾಟ ಶುರುವಾಯಿತು. ಹೆಂಡತಿಯ ತಮ್ಮ ಮೊಬೈಲ್ ಅಂಗಡಿ ಇಟ್ಟವನು, ಅಂತರ್ಜಾಲವನ್ನು ತಾನೇ ಹೆತ್ತವನಂತೆ ಮಾತಾಡುವವನು. ಲ್ಯಾಪ್‌ಟಾಪು ಹೊತ್ತು ತಂದು ಬಿಚ್ಚಿದ ಗಡಿಯಾರಗಳ ನಡುವೆ ಇಟ್ಟ. "ಬಿಡಿ ಭಾವ, ಒಂದು ನಿಮಿಷದ ಕೆಲಸ" ಎಂದ.

ಲಿಫ್ಟಿನ ಆಯುಸ್ಸು ಎಂದು ಕೊಟ್ಟದ್ದಕ್ಕೆ ಮೊದಲು ಬಂದದ್ದು ಲಿಫ್ಟು ಮಾರುವವರು. ಅವರ ಕೆಳಗೆ ಲಿಫ್ಟು ಕನಸಿನಲ್ಲಿ ಬಂದರೆ ಏನು ಫಲ ಎಂಬ ಲೇಖನ. ಮೇಲೆ ಹೋದರೆ ಬಡ್ತಿ, ಕೆಳಗೆ ಬಂದರೆ ಮಾವನ ಮನೆಯಲ್ಲಿ ಮನಸ್ತಾಪ. ಅದನ್ನು ಭಾಮೈದ ಪೂರ್ತಿ ಓದಿದ. ಒಂದು ವಿಡಿಯೋದಲ್ಲಿ ಒಬ್ಬ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎನ್ನುತ್ತ ಏನೂ ಹೇಳದೆ ಕೈಬೀಸಿ ಹೋದ. ಇನ್ನೊಂದು ಪುಟ ತೆರೆಯುವ ಮುನ್ನ, ನೀವು ಮನುಷ್ಯರೇ ಎಂದು ಕೇಳಿ, ಅದಕ್ಕೆ ಪುರಾವೆಯಾಗಿ ಬಸ್ಸಿರುವ ಚಿತ್ರಗಳನ್ನೆಲ್ಲ ಒತ್ತಿ ಎಂದಿತು.

"ನನ್ನನ್ನ ಕೇಳ್ತಿದೆಯಾ, ಬಸ್ಸು ಯಾವುದು ಅಂತ?" ಪುರಾವೆಯಣ್ಣ ತೋಳು ಮಡಚಿ ಮುಂದೆ ಬಂದ. ಒಂದೊಂದೇ ಚಿತ್ರ ಪರಿಶೀಲಿಸಿದ. ತಪ್ಪು ಎಂದಿತು ಯಂತ್ರ.

"ಭಾವ, ಆ ಮೂಲೇದನ್ನೂ ಒತ್ತಿ."

"ಅದು ಬಸ್ಸಲ್ಲ ಕಣೋ, ವ್ಯಾನು. ಡಿಪೋದಲ್ಲಿ ಅದಕ್ಕೆ ನಿಲ್ಲೋಕೂ ಜಾಗ ಕೊಡಲ್ಲ."

"ಅದು ಬಸ್ಸು ಅಂತಿದೆ, ಒತ್ತಿಬಿಡಿ."

"ಸುಳ್ಳು ಹೇಳಿ ಮನುಷ್ಯ ಅನ್ನಿಸ್ಕೊಳ್ಳೋ ದರ್ದು ನಂಗಿಲ್ಲ."

ಎಷ್ಟು ಸಲ ಪ್ರಯತ್ನಿಸಿದರೂ ಪುರಾವೆಯಣ್ಣ ಮನುಷ್ಯನೆಂದು ಸಾಬೀತಾಗಲಿಲ್ಲ. ಭಾಮೈದ ಅಂಗಡಿಯಲ್ಲಿ ಕೆಲಸವಿದೆ ಎಂದು ಎದ್ದುಹೋದ. ಇಂಥ ನೂರೆಂಟು ಪುಟಗಳ ಆಚೆ, ಕೊನೆಗೆ ಹೆಂಡತಿಯ ಕಣ್ಣಿಗೆ ಒಂದು ಬಿಳಿ ಪುಟ ಬಿತ್ತು. ಜಾಹೀರಾತಿಲ್ಲ, ಬಣ್ಣವಿಲ್ಲ, ಪಕ್ಕದಲ್ಲಿ ಹಾರಿ ಬರುವ ಚಿತ್ರವಿಲ್ಲ. ತಮ್ಮದೇ ಊರಿನ ಒಂದು ಕಾಲೇಜಿನ ಗ್ರಂಥಾಲಯದ ಪುಟ. ನಂಬಬಹುದಾದ ಮಾಹಿತಿಯನ್ನು ಹುಡುಕುವುದು ಹೇಗೆ ಎಂದು ತಲೆಬರಹ. ಕೆಳಗೆ ವಿಷಯವಾರು ಕೈಪಿಡಿಗಳು. ಔಷಧಿಗೆ ಒಂದು, ಕಾನೂನಿಗೆ ಒಂದು, ಯಂತ್ರ ಮತ್ತು ಕಟ್ಟಡಕ್ಕೆ ಒಂದು. ಪ್ರತಿಯೊಂದರ ಮೇಲೂ ಒಂದೇ ಸೂಚನೆ. ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು? ಅವರಿಗೆ ಹೇಳಿದವರು ಯಾರು? ಮೂಲ ಸಿಗುವವರೆಗೆ ಹಿಂದಕ್ಕೆ ಹೋಗಿ.

ಪುರಾವೆಯಣ್ಣ ಆ ಪುಟವನ್ನು ಓದಿ ಕಣ್ಣು ಒರೆಸಿಕೊಂಡ. ಪ್ರಪಂಚದಲ್ಲಿ ತನ್ನಂಥ ಇನ್ನೊಂದು ಜೀವ ಇದೆ ಎಂದು ಅವನಿಗೆ ಅಂದೇ ಗೊತ್ತಾದದ್ದು. "ನೋಡ್ದೇನೇ, ನಾನು ಇಷ್ಟು ವರ್ಷ ಹೇಳ್ತಿದ್ದಿದ್ದು ಇದನ್ನೇ" ಎಂದ.

"ಹೌದು, ಅವರು ಮರ್ಯಾದೆಯಾಗಿ ಹೇಳಿದಾರೆ. ಮುಂದಕ್ಕೆ ಓದಿ" ಎಂದಳು ಹೆಂಡತಿ.

ಕೈಪಿಡಿ ಹೇಳಿದ ಹಾಗೇ ಇಬ್ಬರೂ ಹಿಂದಕ್ಕೆ ಹೊರಟರು. ನಗರಸಭೆಯ ಪುಟದಲ್ಲಿ ನಿಯಮ ಎಂದಿತ್ತಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿ, ಮಾಹಿತಿ ಕೃಪೆ ಸುರಕ್ಷತಾ ವಾರಪತ್ರಿಕೆ ಎಂದಿತ್ತು. ವಾರಪತ್ರಿಕೆಗೆ ಹೋದರೆ, ಅದು ಸಂಶೋಧನೆ ಎಂದು ಹೇಳಿ ಲಿಫ್ಟ್ ಬಳಕೆದಾರರ ವೇದಿಕೆಯ ಕಡೆ ಬೆರಳು ತೋರಿಸಿತು. ಮೂರು ಪುರಾವೆ ಕರಗಿ ಒಂದಾಯಿತು. ಪುರಾವೆಯಣ್ಣ ಕೈ ಕೈ ಉಜ್ಜಿಕೊಂಡ. ಇನ್ನೇನು, ಈ ಕಥೆ ಕಟ್ಟಿದ ಕಳ್ಳ ಸಿಕ್ಕೇಬಿಡುತ್ತಾನೆ. "ಸಿಗಲಿ, ಅವನ ಮನೆ ಬಾಗಿಲಿಗೆ ಹೋಗಿ ಅಪ್ಪನನ್ನ ಕೂರಿಸಿ ಬರ್ತೀನಿ, ಒಂದು ವಾರ ಸಾಕಲಿ" ಎಂದ.

ವೇದಿಕೆಯವರು ವಸತಿ ಸಂಘವೊಂದು ನಡೆಸಿದ ಅಧ್ಯಯನ ಎಂದು ಬರೆದು ಅದರ ಕೊಂಡಿ ಕೊಟ್ಟಿದ್ದರು. ಒತ್ತಿದರೆ ತೆರೆದುಕೊಂಡದ್ದು ತಮ್ಮದೇ ಕಟ್ಟಡದ ಸಂಘದ ಪುಟ. ಮೇಲೆ ಕಾರ್ಯದರ್ಶಿಗಳ ನಗುಮುಖದ ಫೋಟೋ, ಕೆಳಗೆ ನಿವಾಸಿಗಳ ಮಾತು ಎಂಬ ಅಂಕಣ. ಅದರಲ್ಲಿ ಮೂರು ವರ್ಷ ಹಳೆಯ ಒಂದು ಸಾಲು.

ಹೆಂಡತಿ ಗಟ್ಟಿಯಾಗಿ ಓದಿದಳು. "ತಜ್ಞರ ಪ್ರಕಾರ, ಇಪ್ಪತ್ತೈದು ವರ್ಷ ದಾಟಿದ ಲಿಫ್ಟಿನ ರೋಪು ಹೊರಗೆ ಚೆನ್ನಾಗಿ ಕಂಡರೂ ಒಳಗಿನಿಂದ ಸುಸ್ತಾಗಿರುತ್ತದೆ. ಅಂಥ ಲಿಫ್ಟನ್ನು ನಡೆಸತಕ್ಕದ್ದಲ್ಲ. ಇಂತಿ, ಮೂರನೇ ಮಹಡಿಯ ನಿವಾಸಿ." ಆಮೇಲೆ ಗಂಡನ ಮುಖ ನೋಡಿದಳು. ಮೂರನೇ ಮಹಡಿಯಲ್ಲಿ ಅವರ ಮನೆ ಬಿಟ್ಟರೆ ಇದ್ದದ್ದು ಒಬ್ಬ ನಿವೃತ್ತ ನರ್ಸಮ್ಮ. ಆಕೆ ಟಾರ್ಚು ಹಾಕಲಿಕ್ಕಲ್ಲದೆ ಮೊಬೈಲು ಮುಟ್ಟುತ್ತಿರಲಿಲ್ಲ.

ಪುರಾವೆಯಣ್ಣನಿಗೆ ಎಲ್ಲ ನೆನಪಾಯಿತು. ಮೂರು ವರ್ಷದ ಹಿಂದೆ ಅವನು ಬಟ್ಟೆ ಇಡಲು ಹೊಸ ಕಬ್ಬಿಣದ ಬೀರು ತಂದಿದ್ದ. ಲಿಫ್ಟು ನಡುವೆ ನಿಂತು, ಬೀರುವಿನ ಜೊತೆ ಮುಖಕ್ಕೆ ಮುಖ ಕೊಟ್ಟುಕೊಂಡು ಒಂದು ಮಧ್ಯಾಹ್ನ ಕಳೆದಿದ್ದ. ಬಿಡುಗಡೆಯಾದ ಮೇಲೆ, ಲಿಫ್ಟಿಗೆ ಎಣ್ಣೆ ಹಾಕಿಸದ ಕಾರ್ಯದರ್ಶಿಗಳ ಮೇಲಿನ ಸಿಟ್ಟಿಗೆ ಆ ಸಾಲು ಬರೆದಿದ್ದ. ತಜ್ಞರು ಯಾರೂ ಇರಲಿಲ್ಲ. ಎಷ್ಟು ವರ್ಷ ಎಂದು ಹಾಕೋಣ ಎಂದು ತಲೆ ಎತ್ತಿದಾಗ ಕ್ಯಾಲೆಂಡರಿನಲ್ಲಿ ಇಪ್ಪತ್ತೈದನೇ ತಾರೀಖು ಕಂಡಿತ್ತು.

"ಹಾಗಾದ್ರೆ," ಎಂದಳು ಹೆಂಡತಿ ನಿಧಾನವಾಗಿ, "ಮಾವನನ್ನ ಕೂಡಿಹಾಕಿದ್ದು ನೀವು. ನನ್ನ ಮಿಕ್ಸಿಗೆ ಕುತ್ತು ತಂದಿದ್ದು ನೀವು."

ಅವನು ಅಪ್ಪನ ಕೋಣೆಯ ಕಡೆ ನೋಡಿದ. ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಎಲ್ಲಿಗೂ ಹೋಗಲಿಕ್ಕಿಲ್ಲದೆ, ಕಿಟಕಿಯ ಪಕ್ಕ ಕ್ಷೌರದಂಗಡಿ ನೋಡುತ್ತ ಕೂತಿದ್ದರು. ಪುರಾವೆಯಣ್ಣ ಆ ಕ್ಷಣವೇ ತಪ್ಪೊಪ್ಪಿಕೊಳ್ಳಲು ಕೆಳಗೆ ಇಳಿದ.

ತಪ್ಪು ಮಾಡುವುದು ಎಷ್ಟು ಸುಲಭ, ಒಪ್ಪಿಕೊಳ್ಳುವುದು ಎಷ್ಟು ಕಷ್ಟ ಎಂದು ಅವನಿಗೆ ಗೊತ್ತಾದದ್ದು ಆಗಲೇ. ಕಾರ್ಯದರ್ಶಿಗಳು ಎಲ್ಲವನ್ನೂ ಕೇಳಿ, ಕನಿಕರದಿಂದ ಅವನ ಬೆನ್ನು ತಟ್ಟಿದರು. "ಅರ್ಥ ಆಗತ್ತೆ. ಅಪ್ಪನ ಮೇಲಿನ ಪ್ರೀತಿ. ಆದ್ರೆ ಅದಕ್ಕೋಸ್ಕರ ಇಂಥ ಅಪವಾದ ಮೈಮೇಲೆ ಎಳ್ಕೋಬಾರದು. ಅಷ್ಟು ತೂಕದ ಮಾತು ನೀವು ಬರೆದಿದ್ದು ಅಂದ್ರೆ ಯಾರು ನಂಬ್ತಾರೆ? ಮೂರನೇ ಮಹಡಿಯ ನಿವಾಸಿ ಅಂತ ತಾನೆ ಇರೋದು? ಅದು ನರ್ಸಮ್ಮ ಇರಬೇಕು. ಓದಿದವರು."

"ಸಾರ್, ನಾನೇ ಬರೆದಿದ್ದು."

"ನಿಮ್ಮದು ಅನ್ನೋದಕ್ಕೆ ಗುರುತೇನು?"

ವರ್ಷಗಟ್ಟಲೆ ಊರಿನವರಿಂದ ಕೊಡೆಗೆ, ಚಪ್ಪಲಿಗೆ, ಹಲ್ಲಿಗೆ ಗುರುತು ಕೇಳಿದವನು ತನ್ನ ಸುಳ್ಳಿಗೆ ಗುರುತು ಹೇಳಲಾರದೆ ನಿಂತ. ನೀರು ಹೊಯ್ದು ತೋರಿಸೋಣವೆಂದರೆ ಅದು ಕೊಡೆಯೂ ಅಲ್ಲ. ಬಹಳ ಗೋಗರೆದ ಮೇಲೆ ಕಾರ್ಯದರ್ಶಿಗಳು ಆ ಸಾಲನ್ನು ಅಳಿಸಿಹಾಕಲು ಒಪ್ಪಿದರು. ಪುರಾವೆಯಣ್ಣ ಗೆದ್ದೆನೆಂದು ಇಲಾಖೆಗೆ ಓಡಿದ.

ಇನ್‌ಸ್ಪೆಕ್ಟರ್ ಮೊಬೈಲ್ ತೆರೆದು ನೋಡಿದ, ಹುಬ್ಬು ಗಂಟಿಕ್ಕಿದ. "ಮೂಲ ಅಧ್ಯಯನವನ್ನೇ ಅಳಿಸಿದಾರೆ. ಯಾಕೆ ಅಳಿಸಿದ್ರು? ಇದರ ಹಿಂದೆ ಯಾರದೋ ಒತ್ತಡ ಇದೆ."

"ಒತ್ತಡ ನಂದೇ ಸಾರ್. ಅದು ಅಧ್ಯಯನ ಅಲ್ಲ, ನಾನು ಬೀರು ಸಿಕ್ಕಾಕೊಂಡ ಸಿಟ್ಟಿಗೆ ಬರೆದಿದ್ದು. ಇಪ್ಪತ್ತೈದು ಕ್ಯಾಲೆಂಡರ್ ನೋಡಿ ಹಾಕಿದ್ದು."

"ನೋಡಿ, ಒಂದು ಕಡೆ ನಗರಸಭೆ, ವಾರಪತ್ರಿಕೆ, ಬಳಕೆದಾರರ ವೇದಿಕೆ. ಇನ್ನೊಂದು ಕಡೆ ನೀವು, ಒಂದು ಬೀರು. ನಾನು ಯಾರನ್ನ ನಂಬಲಿ? ಅದೂ ನಿಮ್ಮ ಅಪ್ಪನೇ ಮೇಲೆ ಸಿಕ್ಕಿಬಿದ್ದಿದ್ದಾರೆ ಅಂತೀರಿ. ನೀವು ಸುಳ್ಳು ಹೇಳೋಕೆ ಕಾರಣ ಇದೆ. ನೀವು ಸುಳ್ಳುಗಾರ ಅನ್ನೋದಕ್ಕೆ ಮೂರು ಕಡೆ ಪುರಾವೆ ತನ್ನಿ, ಆಮೇಲೆ ನಂಬ್ತೀನಿ."

ಪುರಾವೆಯಣ್ಣ ಹೊರಗೆ ಬಂದು ಇಲಾಖೆಯ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ. ತಾನು ಸುಳ್ಳು ಹೇಳಿದಾಗ ನಂಬಿದ ಪ್ರಪಂಚ, ನಿಜ ಹೇಳಿದಾಗ ಪುರಾವೆ ಕೇಳುತ್ತಿದೆ. ಮನೆಗೆ ಫೋನು ಮಾಡಿದರೆ ಹೆಂಡತಿ ಇಸ್ತ್ರಿ ಪೆಟ್ಟಿಗೆಯೂ ಹೋಯಿತು ಎಂದಳು. ಅವನಿಗೆ ಆಗ ನೆನಪಾದದ್ದು ಗ್ರಂಥಾಲಯದ ಆ ಬಿಳಿ ಪುಟದ ಕಟ್ಟಕಡೆಯ ಸಾಲು. ಇಷ್ಟರ ಮೇಲೂ ಸಿಗದಿದ್ದರೆ ನಮ್ಮನ್ನು ಬಂದು ಕೇಳಿ ಎಂದಿತ್ತು ಅದರಲ್ಲಿ.

ಕಾಲೇಜಿನ ಗ್ರಂಥಾಲಯದಲ್ಲಿ ಒಬ್ಬ ಮೇಡಂ ಉದ್ದನೆಯ ಮೇಜಿನ ಹಿಂದೆ ಕೂತಿದ್ದರು. ಪುರಾವೆಯಣ್ಣ ಹತ್ತಿರ ಹೋಗುತ್ತಲೇ ಅವರು ತಲೆ ಎತ್ತದೆ, "ಶೌಚಾಲಯ ಎಡಗಡೆ" ಎಂದರು.

"ಅದಲ್ಲ ಮೇಡಂ. ನಿಮ್ಮ ಪುಟದಲ್ಲಿ, ಸಿಗದಿದ್ರೆ ಬಂದು ಕೇಳಿ ಅಂತ ಇತ್ತು."

ಮೇಡಂ ಪೆನ್ನು ಕೆಳಗಿಟ್ಟರು. "ಕೊನೇ ಸಾಲಿನವರೆಗೂ ಓದಿದ್ರಾ?" ಎಂದು ಕೇಳಿ ಎದ್ದೇ ನಿಂತರು. "ಆ ಪುಟಾನ ನಾನು ಮಾಡಿ ಎಷ್ಟೋ ವರ್ಷ ಆಯ್ತು. ಸತ್ತ ಕೊಂಡಿ ತೆಗೆದು ಹೊಸದು ಹಾಕ್ತಾನೇ ಇದ್ದೀನಿ. ಓದ್ಕೊಂಡು ಬಂದವರು ನೀವೇ ಮೊದಲು. ಕೂತ್ಕೊಳಿ, ಕೂತ್ಕೊಳಿ."

ಎಲ್ಲ ಕೇಳಿದ ಮೇಲೆ ಅವರು ಹಣೆ ಒತ್ತಿಕೊಂಡರು. "ಲಿಫ್ಟಿನ ಬಗ್ಗೆ ಅವರಿವರು ಏನು ಬರೆದಿದಾರೆ ಅಂತ ನೀವೆಲ್ಲ ಹುಡುಕಿದೀರಿ. ನಿಯಮ ಮಾಡಿದವರು ಏನು ಬರೆದಿದಾರೆ ಅಂತ ಯಾರಾದ್ರೂ ನೋಡಿದ್ರಾ?"

"ನಿಯಮ ಮಾಡಿದವರು ಯಾರು ಮೇಡಂ?"

"ಅದೇ ಸುರಕ್ಷತಾ ಇಲಾಖೆ. ನಿಮ್ಮ ಇನ್‌ಸ್ಪೆಕ್ಟರ್ ಕೆಲಸ ಮಾಡೋ ಇಲಾಖೆ." ಮೇಡಂ ಇಲಾಖೆಯ ಸ್ವಂತ ಪುಟಕ್ಕೆ ಹೋಗಿ, ನಿಯಮಾವಳಿ ತೆರೆದು ಪರದೆಯನ್ನು ಅವನ ಕಡೆ ತಿರುಗಿಸಿದರು. ಲಿಫ್ಟಿಗೆ ವಯಸ್ಸಿನ ಮಿತಿ ಎಂಬುದೇ ಅಲ್ಲಿ ಇರಲಿಲ್ಲ. ವರ್ಷಕ್ಕೊಮ್ಮೆ ರೋಪನ್ನು ಬಗ್ಗಿಸಿ ಒಳಗನ್ನೂ ಪರೀಕ್ಷಿಸತಕ್ಕದ್ದು, ಸರಿಯಿದ್ದರೆ ನಡೆಸಲು ಅನುಮತಿ ಕೊಡತಕ್ಕದ್ದು, ಅಷ್ಟೇ ಇತ್ತು. ಪುರಾವೆಯಣ್ಣ ಅದನ್ನು ಮುದ್ರಿಸಿಕೊಂಡು ಮೇಡಂಗೆ ಎರಡೂ ಕೈ ಜೋಡಿಸಿದ. ಅವರು ಮತ್ತೆ ಯಾವಾಗ ಏನು ಬೇಕಾದರೂ ಬಂದು ಕೇಳಿ ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಇನ್‌ಸ್ಪೆಕ್ಟರ್ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ನಮ್ಮ ಇಲಾಖೆದಾ?"

"ಮೇಲೆ ನಿಮ್ಮ ಮುದ್ರೆ ಇದೆ ಸಾರ್."

"ನಮಗೆ ಇದನ್ನ ಯಾರೂ ಹೇಳೇ ಇಲ್ಲವಲ್ಲ," ಎಂದು ಅವನು ಬಹಳ ನೊಂದುಕೊಂಡ. ಆದರೆ ಸ್ವಂತ ಇಲಾಖೆಯ ಮುದ್ರೆಯ ಎದುರು ಮಾತಾಡುವಂತಿರಲಿಲ್ಲ. ಲಿಫ್ಟ್ ಮೆಕ್ಯಾನಿಕ್ಕಿಗೆ ಹೇಳಿ ಪರೀಕ್ಷೆಗೆ ದಿನ ಗೊತ್ತುಮಾಡಿದ.

ಆ ದಿನ ಕಟ್ಟಡಕ್ಕೆ ಕಟ್ಟಡವೇ ಮೆಟ್ಟಿಲುಗಳ ಮೇಲೆ ಸೇರಿತ್ತು. ಅಪ್ಪ ಬೆಳಿಗ್ಗೆಯೇ ಸಿದ್ಧರಾಗಿ, ಪತ್ರಿಕೆ ಕಂಕುಳಲ್ಲಿಟ್ಟುಕೊಂಡು ಮೂರನೆಯ ಮಹಡಿಯಲ್ಲೇ ಲಿಫ್ಟಿನ ಬಾಗಿಲ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪುರಾವೆಯಣ್ಣ ಮೆರವಣಿಗೆಗೆ ನಿಂತವನಂತೆ ಓಡಾಡುತ್ತ, ಬಂದವರಿಗೆಲ್ಲ "ಏನೂ ಇಲ್ಲ, ಆ ಇಪ್ಪತ್ತೈದು ನಾನೇ ಹಾಕಿದ್ದು, ಈಗ ಬೀಗ ತೆಗೀತಾರೆ" ಎಂದು ಹೇಳುತ್ತಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೆಕ್ಯಾನಿಕ್ ತಾರಸಿಯ ಮೇಲಿನ ಯಂತ್ರದ ಕೋಣೆಗೆ ಹೋದ. ಹೊರಗಿನಿಂದ ನೋಡಿ ಚೆನ್ನಾಗಿದೆ ಎಂದು ಕೂಗಿದ. ಪುರಾವೆಯಣ್ಣ ಕಾರ್ಯದರ್ಶಿಗಳ ಕಡೆ ನೋಡಿ ನಕ್ಕ. ಆಮೇಲೆ ಮೆಕ್ಯಾನಿಕ್ ಇಳಿದು ಬಂದ. ಅಂಗೈಯಲ್ಲಿ ತುಕ್ಕಿನ ಪುಡಿ, ತುಂಡು ತುಂಡಾದ ತಂತಿಯ ಎಳೆಗಳು. "ಬಗ್ಗಿಸಿ ನೋಡಿದೆ. ಮೇಲೆ ಸರಿಯಾಗೇ ಕಾಣತ್ತೆ, ಒಳಗಿನ ಎಳೆ ಎಲ್ಲ ಹೋಗಿಬಿಟ್ಟಿದೆ" ಎಂದ. "ಯಾರು ಬೀಗ ಹಾಕಿಸಿದ್ದೋ, ಪುಣ್ಯಾತ್ಮರು."

ಪ್ರತಿ ದಿನ ಬೆಳಿಗ್ಗೆ ಅಪ್ಪ ಇಳಿಯುತ್ತಿದ್ದದ್ದು ಆ ರೋಪಿನಲ್ಲಿ. ಪುರಾವೆಯಣ್ಣ ಕುರ್ಚಿಯ ಹತ್ತಿರ ಹೋಗಿ ಅಪ್ಪನ ಹೆಗಲು ಹಿಡಿದುಕೊಂಡು ನಿಂತ. ಎಷ್ಟು ಹೊತ್ತಾದರೂ ಕೈ ತೆಗೆಯಲಿಲ್ಲ.

ಮೊದಲು ಬಾಯಿ ಬಿಟ್ಟವರು ಕಾರ್ಯದರ್ಶಿಗಳು. "ಹೊರಗೆ ಚೆನ್ನಾಗಿ ಕಂಡರೂ ಒಳಗಿನಿಂದ ಸುಸ್ತಾಗಿರತ್ತೆ. ಅಕ್ಷರಕ್ಕಕ್ಷರ ಇದೇ ಬರೆದಿತ್ತಲ್ಲ. ಮೂರು ವರ್ಷದ ಹಿಂದೆ."

ಎಲ್ಲರೂ ಪುರಾವೆಯಣ್ಣನ ಕಡೆ ತಿರುಗಿದರು. "ಆ ಸಾಲು ನೀವೇ ಬರೆದಿದ್ದು ಅಂತ ಈಗ ತಾನೆ ಹೇಳ್ತಿದ್ರಲ್ಲ?" ಎಂದು ಯಾರೋ ಕೇಳಿದರು. ಈಗ ಎಲ್ಲರಿಗೂ ಅದು ಚೆನ್ನಾಗಿ ಕೇಳಿಸಿತ್ತು.

"ಬರೆದಿದ್ದು ಹೌದು, ಆದ್ರೆ ಸುಮ್ಮನೆ ಬರೆದಿದ್ದು. ರೋಪು ಹೇಗಿರತ್ತೆ ಅಂತಾನೂ ನಂಗೆ ಗೊತ್ತಿಲ್ಲ. ಬೀರು ಸಿಕ್ಕಾಕೊಂಡಿತ್ತು, ಅದಕ್ಕೆ."

"ದೊಡ್ಡವರು ಹಾಗೇ ಹೇಳೋದು," ಎಂದ ಇನ್‌ಸ್ಪೆಕ್ಟರ್, ಅವನ ಎರಡೂ ಕೈ ಹಿಡಿದು ಕುಲುಕುತ್ತ. "ನಾನು ಅವತ್ತೇ ಅಂದುಕೊಂಡೆ. ಅಪ್ಪನಿಗೋಸ್ಕರ ತಮ್ಮ ಸಂಶೋಧನೆಯನ್ನೇ ಸುಳ್ಳು ಅಂದುಬಿಟ್ಟಿರಿ."

"ಸಂಶೋಧನೆ ಅಲ್ಲ ಸಾರ್, ಕ್ಯಾಲೆಂಡರು."

"ಎಂಥ ವಿನಯ," ಎಂದರು ನರ್ಸಮ್ಮ.

ಕಾರ್ಯದರ್ಶಿಗಳು ಅಳಿಸಿದ ಸಾಲನ್ನು ಮತ್ತೆ ಹಾಕಿದರು. ಈ ಸಲ ಮೂರನೇ ಮಹಡಿಯ ನಿವಾಸಿ ಎಂದಿರಲಿಲ್ಲ, ಪುರಾವೆಯಣ್ಣನ ಫೋಟೋ ಇತ್ತು. ವಾರಪತ್ರಿಕೆಯವರು ಲಿಫ್ಟ್ ತಜ್ಞರೊಂದಿಗೆ ಸಂದರ್ಶನ ಬೇಕೆಂದು ಫೋನು ಮಾಡಿದರು. ಅವನು ತಾನು ತಜ್ಞನಲ್ಲ ಎಂದು ಹೇಳಿದ್ದನ್ನು ಅವರು ತಜ್ಞರು ಮಾತನಾಡಲು ನಿರಾಕರಿಸಿದ್ದಾರೆ ಎಂದು ಅಚ್ಚು ಹಾಕಿದರು. ಡಿಪೋದಲ್ಲಿ ಕೊಡೆ ಕೇಳಲು ಬಂದವರು ತಮ್ಮ ಕಟ್ಟಡದ ಲಿಫ್ಟು ಯಾವಾಗ ಬೀಳುತ್ತದೆ ಎಂದು ಕೇಳತೊಡಗಿದರು. ಅವನು ಗೊತ್ತಿಲ್ಲ ಎಂದು ತಲೆಯಾಡಿಸಿದರೆ ಮುಖ ಸಪ್ಪೆ ಮಾಡಿಕೊಂಡು, ಇನ್ನು ಬಹಳ ದಿನ ಇಲ್ಲವೇನೋ ಎಂದು ಮನೆಗೆ ಹೋಗಿ ಮೆಟ್ಟಿಲು ಹತ್ತುವರು. ನಿಜವನ್ನು ಹೇಳಿ ಹೇಳಿ ಅವನ ಗಂಟಲು ಕೂತುಹೋಯಿತು.

ಹೊಸ ರೋಪು ಬಂತು, ಪರೀಕ್ಷೆಯಾಯಿತು, ಬೀಗ ತೆಗೆದರು. ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಮಗನ ತೋಳು ಹಿಡಿದು, ಲಿಫ್ಟಿನಲ್ಲಿ ಇಳಿದು ರಸ್ತೆ ದಾಟಿದರು. ಕ್ಷೌರಿಕ ಗಿರಾಕಿಯನ್ನು ಬಿಟ್ಟು ಓಡಿಬಂದು ಬೆಂಚು ಒರೆಸಿದ. ಅಂದು ಜಗಳ ಶುರುವಾಗಲೇ ಇಲ್ಲ. ಅಪ್ಪ ಕೂತವರೇ, "ಮೂರು ವರ್ಷದ ಹಿಂದೇನೇ ನನ್ನ ಮಗ ಬರೆದಿಟ್ಟಿದ್ದ ಕಣಯ್ಯ. ಒಳಗೆ ಸುಸ್ತಾಗಿದೆ ಅಂತ. ಬಾಗಿಲು ಮುಟ್ಟಿ ನೋಡಿದ್ರೆ ಸಾಕು, ಅವನಿಗೆ ಗೊತ್ತಾಗಿಬಿಡತ್ತೆ" ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳಿದರು. ಅರ್ಧ ಗಡ್ಡದ ಗಿರಾಕಿ ಎದ್ದು ಬಂದು ಪುರಾವೆಯಣ್ಣನಿಗೆ ನಮಸ್ಕಾರ ಮಾಡಿದ.

ಕ್ಷೌರಿಕ ಕತ್ತರಿ ಹಿಡಿದು ಒಳಗೆ ಹೋಗುವುದನ್ನೇ ಕಾದಿದ್ದು ಪುರಾವೆಯಣ್ಣ ಅಪ್ಪನ ಕಿವಿಯ ಹತ್ತಿರ ಬಗ್ಗಿದ. ಅವನ ಧ್ವನಿ ಅಳುವ ಹಾಗಿತ್ತು. "ಅಪ್ಪ, ನೀವಾದ್ರೂ ನಂಬಿ. ನಂಗೆ ಏನೂ ಗೊತ್ತಿರ್ಲಿಲ್ಲ. ನಿಜವಾಗ್ಲೂ ಏನೂ ಗೊತ್ತಿರ್ಲಿಲ್ಲ."

ಅಪ್ಪ ಪತ್ರಿಕೆ ಬಿಡಿಸಿದರು. "ನಿಂಗೇನು ಗೊತ್ತಿತ್ತು ಅಂತ ನಂಗೆ ಗೊತ್ತಿಲ್ವೇನೋ? ಹುಟ್ಟಿದಾಗಿಂದ ನೋಡ್ತಿದೀನಿ."

ಒಬ್ಬರಾದರೂ ನಂಬಿದರಲ್ಲ ಎಂದು ಪುರಾವೆಯಣ್ಣನ ಕಣ್ಣಿನಲ್ಲಿ ನೀರು ಬಂತು. "ಮತ್ತೆ ಎಲ್ಲರ ಮುಂದೆ ಹಾಗೆ ಹೇಳಿದ್ರಲ್ಲಪ್ಪ."

"ಬಾಯಿ ಮುಚ್ಕೊಂಡು ಕೂತ್ಕೋ," ಎಂದರು ಅಪ್ಪ, ಪತ್ರಿಕೆಯ ಹಿಂದಿನಿಂದ. "ನಿನ್ನ ಬಗ್ಗೆ ಜಂಬ ಕೊಚ್ಚಿಕೊಳ್ಳೋಕೆ ಈ ವಯಸ್ಸಿಗೆ ನಂಗೊಂದು ಸಿಕ್ಕಿದೆ. ಅದನ್ನೂ ಕೆಡಿಸಬೇಡ."